ಮಾತ್ರೆ ನುಂಗಿದವರ ಮಾತು

"ಅದೆಲ್ಲ ನಿಮ್ಮ ಮನಸ್ಸಿನ ಭ್ರಮೆ, ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ." ಪ್ರಿಯ ಓದುಗರೇ, ಈ ಮಾತನ್ನು ಒಮ್ಮೆಯಾದರೂ ಕೇಳದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಇರಲಾರದು. ಹೊಸ ಮಾತ್ರೆ ಆರಂಭಿಸಿದ ಮೇಲೆ ತಲೆ ಸುತ್ತುತ್ತದೆ, ಬಾಯಿ ಒಣಗುತ್ತದೆ, ರಾತ್ರಿಯೆಲ್ಲ ನಿದ್ರೆಯಿಲ್ಲ ಎಂದು ರೋಗಿಯು ಅಳುಕುತ್ತಲೇ ಹೇಳುತ್ತಾನೆ. ಮೇಜಿನ ಆಚೆಯಿಂದ ಈ ಉತ್ತರ ಬರುತ್ತದೆ. ಹೊರಗೆ ಇನ್ನೂ ನಲವತ್ತು ಮಂದಿ ಕಾದಿದ್ದಾರೆ. ರೋಗಿ ತಲೆಯಾಡಿಸಿ, ಚೀಟಿ ಮಡಚಿಕೊಂಡು ಹೊರಬರುತ್ತಾನೆ. ಅವನಾಡಿದ ಮಾತು ಯಾವ ಕಡತದಲ್ಲೂ ದಾಖಲಾಗದೆ ಅಲ್ಲಿಯೇ ಸತ್ತುಹೋಗುತ್ತದೆ.

ಆ ಮಾತು ಸಾಯಬಾರದು ಎಂಬುದೇ ಈ ಲೇಖನದ ವಾದ. ನಾನು ವೈದ್ಯನಲ್ಲ, ಗುರುಮಠದಲ್ಲಿ ಕಲಿತದ್ದು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಔಷಧಗಳ ವಿರೋಧಿಯೂ ಅಲ್ಲ. ಅವು ಇಲ್ಲದಿದ್ದರೆ ನಮ್ಮ ಹಿರಿಯರಲ್ಲಿ ಅನೇಕರು ಇಂದು ನಮ್ಮೊಡನೆ ಇರುತ್ತಿರಲಿಲ್ಲ. ಆದರೆ ವರ್ಷಾನುವರ್ಷ ವ್ಯಾಧಿಸ್ಥರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವವನಿಗೆ ವೈದ್ಯರ ಕೊಠಡಿಯಲ್ಲಿ ಕಾಣದ ಒಂದು ನೋಟ ಕಾಣುತ್ತದೆ. ಹಾಸಿಗೆಯ ಪಕ್ಕದ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲ, ಅದರ ತುಂಬ ಅರ್ಧ ತಿಂದು ಬಿಟ್ಟ ಮಾತ್ರೆಗಳು. "ಇದೇಕೆ ಬಿಟ್ಟಿರಿ?" ಎಂದರೆ, "ತಿಂದರೆ ಹೊಟ್ಟೆಯಲ್ಲಿ ಸಂಕಟ ಸ್ವಾಮಿ" ಎಂಬ ಉತ್ತರ. "ಡಾಕ್ಟರಿಗೆ ಹೇಳಿದಿರಾ?" ಎಂದರೆ ಮೌನ. ವೈದ್ಯರ ಪುಸ್ತಕದ ಪ್ರಕಾರ ಆ ರೋಗಿಗೆ ಔಷಧವು ಒಗ್ಗಿದೆ. ಚೀಲದ ಸಾಕ್ಷ್ಯ ಬೇರೆ.

ಒಂದು ಔಷಧವು ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಜನರ ಮೇಲೆ ಪರೀಕ್ಷಿಸುತ್ತಾರೆ. ಇಲ್ಲೊಂದು ಸರಳವಾದ ಲೆಕ್ಕಾಚಾರವಿದೆ. ಸಾವಿರಕ್ಕೆ ಒಬ್ಬರಲ್ಲಿ ತಲೆದೋರುವ ದುಷ್ಪರಿಣಾಮವು ಪರೀಕ್ಷೆಯ ಕಾಲದಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳುವುದೆಂದು ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ಸುಮಾರು 3,000 ಜನ ಆ ಔಷಧವನ್ನು ಸೇವಿಸಿರಬೇಕು. ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುವಂಥದ್ದಾದರೆ 30,000 ಜನ ಬೇಕು. ಅಷ್ಟು ದೊಡ್ಡ ಪರೀಕ್ಷೆಗಳು ವಿರಳ. ಮೇಲಾಗಿ, ಪರೀಕ್ಷೆಗೆ ಆರಿಸಿಕೊಳ್ಳುವವರಲ್ಲಿ ಗರ್ಭಿಣಿಯರು ಇರುವುದು ಅಪರೂಪ. ತೀರ ವಯಸ್ಸಾದವರು, ಮೂತ್ರಪಿಂಡ ಸೋತವರು, ಏಕಕಾಲಕ್ಕೆ ಐದಾರು ಮಾತ್ರೆ ನುಂಗುವವರು ಕಡಿಮೆ. ಅಂದರೆ ನಮ್ಮ ಧರ್ಮಕೇಂದ್ರದ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಮಂಡಿನೋವಿನ ಎಪ್ಪತ್ತೈದರ ಅಜ್ಜಿಯಂಥವರು ಆ ಪರೀಕ್ಷೆಯಲ್ಲಿ ಇರುವುದು ಕಷ್ಟ. ಔಷಧದ ನಿಜವಾದ ಪರೀಕ್ಷೆ ಆರಂಭವಾಗುವುದೇ ಅದು ಆ ಅಜ್ಜಿಯ ಕೈ ಸೇರಿದ ಮೇಲೆ. ಆ ಪರೀಕ್ಷೆಯ ವರದಿಯನ್ನು ಅಜ್ಜಿಯಲ್ಲದೆ ಇನ್ನಾರು ಕೊಡಬೇಕು?

ಥಾಲಿಡೊಮೈಡ್ ಎಂಬ ಹೆಸರನ್ನು ಹಿರಿಯ ಓದುಗರು ಕೇಳಿರಬಹುದು. 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ನಿದ್ರೆಯ ಔಷಧವನ್ನು ಗರ್ಭಿಣಿಯರ ವಾಕರಿಕೆಗೂ ಕೊಡತೊಡಗಿದರು. ಕೈಕಾಲುಗಳು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಲೋಕದ ನಾನಾ ಕಡೆ ಹುಟ್ಟಿದರು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಅವರು ತಾಯಂದಿರನ್ನೇ ವಿಚಾರಿಸಿ, ಬಸುರಿಯಾಗಿದ್ದಾಗ ಏನೇನು ಸೇವಿಸಿದಿರೆಂದು ಕೇಳಿ ಕಾರಣವನ್ನು ಗುರುತಿಸಿದರು. 1961ರ ನವೆಂಬರಿನಲ್ಲಿ ಔಷಧವನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಈ ದುರಂತದ ನಂತರವೇ ಬ್ರಿಟನ್ನಿನಲ್ಲಿ 1964ರಲ್ಲಿ 'ಹಳದಿ ಕಾರ್ಡ್' ಪದ್ಧತಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಯೋಜನೆ 1968ರಲ್ಲಿ ಆರಂಭವಾಯಿತು.

ಆದರೆ ಒಂದು ವಿಚಿತ್ರವನ್ನು ಗಮನಿಸಿ. ಹಳದಿ ಕಾರ್ಡನ್ನು ತುಂಬುವ ಅಧಿಕಾರವನ್ನು ಮೊದಲಿಗೆ ವೈದ್ಯರಿಗೆ ಮತ್ತು ದಂತವೈದ್ಯರಿಗೆ ಮಾತ್ರ ಕೊಟ್ಟರು. ತಾಯಂದಿರ ಬಾಯಿಂದ ಬಂದ ಸತ್ಯದಿಂದ ಪಾಠ ಕಲಿತವರು ತಾಯಂದಿರ ಬಾಯಿಗೆ ಮಾತ್ರ ಬೀಗ ಹಾಕಿಬಿಟ್ಟರು! ಬ್ರಿಟನ್ನಿನಲ್ಲಿ ಆ ಬೀಗ ತೆಗೆದದ್ದು 2005ರಲ್ಲಿ, ನಲವತ್ತೊಂದು ವರ್ಷಗಳ ಬಳಿಕ. ಅದೂ ತಾನಾಗಿ ತೆರೆಯಲಿಲ್ಲ. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಪ್ಯಾರಾಕ್ಸೆಟಿನ್ ಎಂಬುದು ಖಿನ್ನತೆಗೆ ಕೊಡುವ ಮಾತ್ರೆ. ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ ಅದು 'ಸೆರಾಕ್ಸಾಟ್' ಎಂಬ ಹೆಸರಿನಲ್ಲಿ 1990ರ ದಶಕದ ಆರಂಭದಲ್ಲಿ ಬಂದಿತು. ಇದು ಚಟವಾಗಿ ಅಂಟಿಕೊಳ್ಳುವುದಿಲ್ಲವೆಂದು ರೋಗಿಗಳಿಗೆ ಕೊಡುತ್ತಿದ್ದ ಚೀಟಿಯಲ್ಲಿಯೇ ಭರವಸೆಯಿತ್ತು. ಆದರೆ ಮಾತ್ರೆ ನಿಲ್ಲಿಸಲು ಹೊರಟ ಅನೇಕರಿಗೆ ತಲೆಯೊಳಗೆ ವಿದ್ಯುತ್ ಹರಿದಂತೆ, ಕಣ್ಣು ಹೊರಳಿಸಿದರೆ ಶಾಕ್ ಹೊಡೆದಂತೆ ಆಗುತ್ತಿತ್ತು. ಮೂಲ ರೋಗವೇ ಮರುಕಳಿಸಿದೆ ಎಂದು ವೈದ್ಯರು ತಿಳಿದು ಮಾತ್ರೆಯನ್ನು ಮುಂದುವರಿಸಿದರು.

2002ರ ಅಕ್ಟೋಬರ್ 13ರಂದು ಬಿಬಿಸಿಯ 'ಪನೋರಮಾ' ಕಾರ್ಯಕ್ರಮವು ಈ ಮಾತ್ರೆಯ ಬಗ್ಗೆ ಪ್ರಸಾರವಾಯಿತು. ಅದರ ನಂತರ ಸಹಾಯವಾಣಿಗೆ ಬಂದ ಕರೆಗಳು ಸುಮಾರು 67,000. ಇಮೇಲ್‌ಗಳು 1,374. ಚಾರ್ಲ್ಸ್ ಮೆಡಾವರ್ ಮತ್ತು ಔಷಧಶಾಸ್ತ್ರದ ವೈದ್ಯ ಆಂಡ್ರೂ ಹರ್ಕ್ಸ್‌ಹೈಮರ್ ಮುಂತಾದವರು ಆ ಇಮೇಲ್‌ಗಳನ್ನು ಓದಿ ವಿಶ್ಲೇಷಿಸಿದರು. ಪರಸ್ಪರ ಪರಿಚಯವೇ ಇಲ್ಲದ ಜನರು ಒಂದೇ ಉಪಮೆಯನ್ನು ಬಳಸಿದ್ದರು: ತಲೆಯೊಳಗಿನ ವಿದ್ಯುತ್. ಆಮೇಲೆ ಅವರು ವೈದ್ಯರು ಕಳುಹಿಸಿದ್ದ ಹಳದಿ ಕಾರ್ಡುಗಳ ದಾಖಲೆಯನ್ನೂ ನೋಡಿದರು. ಇದೇ ಅನುಭವವು ಅಲ್ಲಿ 'ಸ್ಪರ್ಶಜ್ಞಾನದ ವ್ಯತ್ಯಯ' ಎಂಬರ್ಥದ ಒಂದು ತಣ್ಣನೆಯ ವೈದ್ಯಕೀಯ ಪದದಡಿಯಲ್ಲಿ ಅಡಗಿಹೋಗಿತ್ತು. ಕೈ ಜೋಮು ಹಿಡಿದವನೂ, ತಲೆಯೊಳಗೆ ಮಿಂಚು ಹೊಡೆದವಳೂ ಒಂದೇ ಖಾನೆಯಲ್ಲಿ! ರೋಗಿಯ ಭಾಷೆಯನ್ನು ಪಂಡಿತರ ಭಾಷೆಗೆ ಅನುವಾದಿಸುವಾಗ ಸತ್ಯವೇ ಸೋರಿಹೋಗಿತ್ತು.

ಮರುವರ್ಷ, 2003ರಲ್ಲಿ, ಔಷಧ ನಿಲ್ಲಿಸುವಾಗ ತೊಂದರೆ ಕಾಣುವವರ ಪ್ರಮಾಣದ ಅಂದಾಜನ್ನು ಕಂಪನಿಯು ಸಾವಿರಕ್ಕೆ ಇಬ್ಬರು ಎಂಬುದರಿಂದ ನೂರಕ್ಕೆ 25 ಎಂಬುದಕ್ಕೆ ಏರಿಸಿತು. ಓದುಗರೇ, ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ಅವುಗಳ ನಡುವಿನ ಅಂತರದಲ್ಲಿ ಎಷ್ಟು ಸಾವಿರ ಮಂದಿಗೆ "ಅದೆಲ್ಲ ನಿಮ್ಮ ಭ್ರಮೆ" ಎಂಬ ಉತ್ತರ ಸಿಕ್ಕಿರಬಹುದು?

2005ರಿಂದ ರೋಗಿಗಳೇ ನೇರವಾಗಿ ಹಳದಿ ಕಾರ್ಡ್ ತುಂಬಬಹುದಾಯಿತು. ಸಂಶೋಧಕರು ಆ ವರ್ಷದ ಅಕ್ಟೋಬರಿನಿಂದ ಎರಡು ವರ್ಷಗಳಲ್ಲಿ ರೋಗಿಗಳಿಂದ ಬಂದ 5,180 ವರದಿಗಳನ್ನು ವೈದ್ಯಕೀಯ ಸಿಬ್ಬಂದಿಯ 20,949 ವರದಿಗಳೊಂದಿಗೆ ಹೋಲಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳು ಒಂದೊಂದು ವರದಿಯಲ್ಲಿ ಹೆಚ್ಚು ಲಕ್ಷಣಗಳನ್ನು ಹೇಳಿದ್ದರು. ಆ ಲಕ್ಷಣಗಳಿಂದ ತಮ್ಮ ದುಡಿಮೆ, ನಿದ್ರೆ, ಸಂಸಾರಕ್ಕೆ ಏನಾಯಿತೆಂಬುದನ್ನು ಬಹುಮಟ್ಟಿಗೆ ಅವರೇ ಹೇಳಿದ್ದರು. 2012ರಿಂದ ಯುರೋಪಿನ ಒಕ್ಕೂಟದ ಎಲ್ಲ ದೇಶಗಳೂ ರೋಗಿಗಳ ವರದಿಯನ್ನು ಸ್ವೀಕರಿಸಲೇಬೇಕೆಂಬ ಕಾನೂನು ಜಾರಿಯಾಯಿತು.

ಇನ್ನು ಎದುರುವಾದವನ್ನು ಕೇಳೋಣ. ಅದು ದುರ್ಬಲವಾದುದಲ್ಲ. ಗುರುಮಠದಲ್ಲಿ ತರ್ಕಶಾಸ್ತ್ರದ ಪಾಠದಲ್ಲಿ ಮೊದಲು ಕಲಿಸುವ ಹೆತ್ವಾಭಾಸಗಳಲ್ಲಿ ಒಂದು: 'ಇದಾದ ಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದಾಯಿತು.' ಕಾಗೆ ಕೂತಿತು, ಕೊಂಬೆ ಮುರಿಯಿತು. ಮಾತ್ರೆ ತಿಂದ ಮರುದಿನ ಬಂದ ತಲೆನೋವೆಲ್ಲ ಮಾತ್ರೆಯದ್ದಲ್ಲ. ಹೆದರಿಕೆಯೇ ನೋವನ್ನು ಹುಟ್ಟಿಸಬಲ್ಲದು ಎಂಬುದಕ್ಕೂ ಪುರಾವೆಯಿದೆ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಮೈಕೈ ನೋವೆಂದು ಅವನ್ನು ಬಿಟ್ಟಿದ್ದ 60 ಜನರ ಮೇಲೆ ಲಂಡನ್ನಿನಲ್ಲಿ ನಡೆದ ಒಂದು ಸಂಶೋಧನೆ 2020ರಲ್ಲಿ ಪ್ರಕಟವಾಯಿತು. ಅವರಿಗೆ ಒಂದು ತಿಂಗಳು ಸ್ಟ್ಯಾಟಿನ್, ಒಂದು ತಿಂಗಳು ಔಷಧವೇ ಇಲ್ಲದ ಹುಸಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಒಂದು ವರ್ಷ ಬದಲಿಸುತ್ತ ಕೊಟ್ಟರು. ಪ್ರತಿದಿನವೂ ತಮ್ಮ ತೊಂದರೆಗೆ ನೂರಕ್ಕೆ ಇಂತಿಷ್ಟು ಎಂದು ಅಂಕ ಹಾಕಲು ಹೇಳಿದರು. ಮಾತ್ರೆಯಿಲ್ಲದ ತಿಂಗಳುಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3, ಹುಸಿ ಮಾತ್ರೆಯ ತಿಂಗಳುಗಳಲ್ಲಿ 15.4! ಅಂದರೆ ಆ ತೊಂದರೆಯ ಬಹುಪಾಲು ಸ್ಟ್ಯಾಟಿನ್‌ನಿಂದ ಬಂದುದಲ್ಲ. ಮಾತ್ರೆ ನುಂಗುತ್ತಿದ್ದೇನೆಂಬ ನಿರೀಕ್ಷೆಯಿಂದ ಬಂದುದು.

"ನೋಡಿದಿರಾ, ಭ್ರಮೆಯೇ!" ಎಂದು ಯಾರಾದರೂ ಚಪ್ಪಾಳೆ ತಟ್ಟುವ ಮುನ್ನ ಒಂದು ಪ್ರಶ್ನೆ. ಈ ಸತ್ಯ ತಿಳಿದದ್ದು ಹೇಗೆ? ರೋಗಿಗಳ ಬಾಯಿ ಮುಚ್ಚಿಸಿಯೇ? ಪ್ರತಿದಿನವೂ ಅವರನ್ನು ಕೇಳಿ, ಹೇಳಿದ್ದನ್ನು ಬರೆದಿಟ್ಟದ್ದರಿಂದ. ಆಮೇಲೆ ಅವರವರ ಅಂಕಗಳನ್ನು ಅವರವರಿಗೇ ತೋರಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಬಿಟ್ಟಿದ್ದ ಸ್ಟ್ಯಾಟಿನ್ ಅನ್ನು ಮತ್ತೆ ಆರಂಭಿಸಿದರು. "ಭ್ರಮೆ" ಎಂದು ಗದರಿಸಿದ್ದರೆ ಎಷ್ಟು ಜನ ಆರಂಭಿಸುತ್ತಿದ್ದರು? ಕಿವಿಗೊಡುವುದರಿಂದ ಅಪರಾಧಿ ಔಷಧ ಸಿಕ್ಕಿಬೀಳುತ್ತದೆ, ನಿರಪರಾಧಿ ಔಷಧ ಬಿಡುಗಡೆಯೂ ಆಗುತ್ತದೆ. ರೋಗಿಯ ವರದಿಯು ತೀರ್ಪಲ್ಲ, ಸಾಕ್ಷ್ಯ. ಸಾಕ್ಷಿಯನ್ನು ಪಾಟಿಸವಾಲಿಗೆ ಒಳಪಡಿಸಬಹುದು, ಸಂಶಯಿಸಬಹುದು. ಸಾಕ್ಷಿಕಟ್ಟೆಯನ್ನೇ ಕಿತ್ತುಹಾಕುವುದು ನ್ಯಾಯವಲ್ಲ.

ನಮ್ಮ ದೇಶದ ಸ್ಥಿತಿ ಏನು? ಕಾನೂನಿನ ಕಣ್ಣಿನಲ್ಲಿ ನಾವು ಹಿಂದುಳಿದಿಲ್ಲ. ಭಾರತದ 'ಫಾರ್ಮಕೋವಿಜಿಲೆನ್ಸ್' ಕಾರ್ಯಕ್ರಮವು 2010ರ ಜುಲೈನಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯಲ್ಲಿ 22 ಕೇಂದ್ರಗಳೊಂದಿಗೆ ಆರಂಭವಾಯಿತು. 2011ರ ಏಪ್ರಿಲಿನಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗಕ್ಕೆ ವರ್ಗಾವಣೆಯಾಯಿತು. ಈಗ ದೇಶದ ಉದ್ದಗಲಕ್ಕೂ ನೂರಾರು ಕೇಂದ್ರಗಳಿವೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಯು ಈ ಕಾರ್ಯದಲ್ಲಿ ಮುಂಚೂಣಿಯಲ್ಲಿದೆ. ರೋಗಿಗಳೇ ತುಂಬಬಹುದಾದ ನಮೂನೆಯಿದೆ, ಅದು ಕನ್ನಡದಲ್ಲಿಯೂ ಇದೆ. ಈ ಕಾರ್ಯಕ್ರಮದಿಂದ ಎಚ್ಚರಿಕೆಗಳು ಹೊರಡುತ್ತಲೂ ಇವೆ. 2023ರ ನವೆಂಬರ್ 30ರಂದು ಮೆಫೆನಮಿಕ್ ಆಮ್ಲದ ಬಗ್ಗೆ ಒಂದು ಎಚ್ಚರಿಕೆ ಬಂದಿತು. ಹೆಸರು ಅಪರಿಚಿತವೆನಿಸಬಹುದು, ನಮ್ಮ ಹೆಣ್ಣುಮಕ್ಕಳು ಮುಟ್ಟಿನ ನೋವಿಗೆ ನುಂಗುವ 'ಮೆಫ್ಟಾಲ್' ಎಂದರೆ ಎಲ್ಲರಿಗೂ ಗೊತ್ತು. ಅಪರೂಪಕ್ಕೆ ಅದು ಜ್ವರ, ಮೈಮೇಲಿನ ದದ್ದು, ಗ್ರಂಥಿಗಳ ಊತ, ಒಳ ಅಂಗಾಂಗಗಳ ಹಾನಿಯನ್ನು ಒಟ್ಟಾಗಿ ತರುವ 'ಡ್ರೆಸ್' ಎಂಬ ಗಂಭೀರ ಪ್ರತಿಕ್ರಿಯೆಯನ್ನು ಉಂಟುಮಾಡಬಹುದೆಂದು ಆ ಎಚ್ಚರಿಕೆ ಹೇಳಿತು. ಈ ಪ್ರತಿಕ್ರಿಯೆ ಸಾಮಾನ್ಯವಾಗಿ ಮಾತ್ರೆ ಆರಂಭಿಸಿದ ಎರಡರಿಂದ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟು ತಡವಾಗಿ ಎದ್ದ ದದ್ದಿಗೂ ಎಂದೋ ನುಂಗಿದ ಮಾತ್ರೆಗೂ ನಂಟು ಹಾಕುವವರು ಯಾರು? ಮನೆಯವರು ನೆನಪಿಟ್ಟು ಹೇಳಿದರೆ ಮಾತ್ರ ವೈದ್ಯರಿಗೆ ತಿಳಿದೀತು.

ವ್ಯವಸ್ಥೆ ಇದೆ, ಮಾತು ಇಲ್ಲ. ಇದು ಭಾರತದ ಮಾತ್ರ ರೋಗವಲ್ಲ. ಹಲವು ದೇಶಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಔಷಧಗಳ ದುಷ್ಪರಿಣಾಮಗಳಲ್ಲಿ ವರದಿಯಾಗದೆ ಉಳಿಯುವುದರ ಮಧ್ಯಮ ಪ್ರಮಾಣ ನೂರಕ್ಕೆ 94. ಆದರೆ ನಮ್ಮ ಮೌನಕ್ಕೆ ನಮ್ಮದೇ ಆದ ಕೆಲವು ಕಾರಣಗಳಿವೆ.

ಅಂಗಡಿಯವನು ಹತ್ತು ಮಾತ್ರೆಗಳ ಪಟ್ಟಿಯಿಂದ ಕತ್ತರಿಯಲ್ಲಿ ನಾಲ್ಕನ್ನು ಕತ್ತರಿಸಿ ಕೊಡುತ್ತಾನೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವ ತುದಿ ಬೇರೆಯವರ ಮನೆಗೆ ಹೋಯಿತು! ನಾಳೆ ಮೈಯೆಲ್ಲ ದದ್ದು ಎದ್ದರೆ ನೀವು ಏನೆಂದು ವರದಿ ಮಾಡುವಿರಿ? "ಬಿಳಿ ಮಾತ್ರೆ, ದುಂಡಗಿತ್ತು" ಎಂದೇ? ಹೆಸರಿದ್ದರೂ ಅದು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. 2023ರ ಆಗಸ್ಟಿನಿಂದ ಮುನ್ನೂರು ಪ್ರಮುಖ ಔಷಧಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಒಳ್ಳೆಯದೇ. ಕತ್ತರಿಗೆ ಮಾತ್ರ ಆ ಕೋಡಿನ ಮೇಲೆ ಯಾವ ಗೌರವವೂ ಇಲ್ಲ.

ಎರಡನೆಯದು ವೈದ್ಯರ ಮುಂದೆ ಮಾತಾಡಲಾರದ ಅಂಜಿಕೆ. ವೈದ್ಯನೇ ನಾರಾಯಣ ಎಂಬ ನಾಡಿನಲ್ಲಿ ನಾರಾಯಣನ ಮಾತ್ರೆಯ ಮೇಲೆ ದೂರು ಹೇಳುವುದು ಹೇಗೆ? ಹೆಂಗಸರ ಮಾತಂತೂ ಇನ್ನೂ ಹಗುರ. ಕೋವಿಡ್ ಲಸಿಕೆಯ ನಂತರ ಮುಟ್ಟಿನಲ್ಲಿ ಏರುಪೇರಾಯಿತೆಂದು 2021ರಲ್ಲಿ ಹೆಂಗಸರು ಹೇಳಿದಾಗ ಮೊದಲಿಗೆ ಸಿಕ್ಕಿದ್ದು ನಗೆ. ಬ್ರಿಟನ್ನಿನ ಹಳದಿ ಕಾರ್ಡಿಗೇ ಆ ವರ್ಷದ ಸೆಪ್ಟೆಂಬರ್ ಆರಂಭದ ವೇಳೆಗೆ ಇಂಥ 30,000ಕ್ಕೂ ಹೆಚ್ಚು ವರದಿಗಳು ಬಂದಿದ್ದವು. 2022ರ ಅಕ್ಟೋಬರಿನಲ್ಲಿ ಯುರೋಪಿನ ಔಷಧ ಸಂಸ್ಥೆಯು ಅಧಿಕ ರಕ್ತಸ್ರಾವವನ್ನು ಎಂಆರ್‌ಎನ್‌ಎ ಲಸಿಕೆಗಳ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತು. ಬಹುಪಾಲು ಪ್ರಕರಣಗಳು ತಾತ್ಕಾಲಿಕವಾಗಿದ್ದವು, ಲಸಿಕೆಯ ಪ್ರಯೋಜನ ಅದರಿಂದ ಕುಂದಲಿಲ್ಲ. ಅದನ್ನು ಮೊದಲೇ ಹೇಳಿದ್ದರೆ ಹೆದರಿದವರು ನಿರಾಳವಾಗಿ ಎರಡನೆಯ ಡೋಸಿಗೆ ಬರುತ್ತಿದ್ದರು.

ಮೂರನೆಯ ಕಾರಣ ನಮ್ಮ ಮನೆಯೊಳಗಿನದು. ನಾವು ಯಾಜಕರು ಬೋಧಿಸಿದ್ದು. "ಬಂದದ್ದನ್ನು ಶಿಲುಬೆಯೆಂದು ಹೊತ್ತುಕೊಳ್ಳಿ" ಎಂಬ ಮಾತು ಮದ್ದಿಲ್ಲದ ನೋವಿಗೆ ಸಾಂತ್ವನ ನೀಡೀತು. ಮದ್ದಿನಿಂದಲೇ ಬಂದ ನೋವಿಗೆ ಅದನ್ನು ಅನ್ವಯಿಸುವುದು ಭಕ್ತಿಯ ದುರುಪಯೋಗ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯ ಪ್ರಸಂಗ ನಿಮಗೆ ಗೊತ್ತು. ಅನೇಕ ವೈದ್ಯರ ಕೈಯಲ್ಲಿ ಆಕೆ ಬಹಳ ಕಷ್ಟಪಟ್ಟಳು, ಇದ್ದುದೆಲ್ಲ ಕಳೆದುಕೊಂಡಳು, ಕಾಯಿಲೆ ಉಲ್ಬಣಿಸಿತು ಎಂಬುದನ್ನು ಮಾರ್ಕನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಅದೇ ಪ್ರಸಂಗವನ್ನು ಬರೆದ ಲೂಕನು ಯಾರಿಂದಲೂ ಗುಣವಾಗಲಿಲ್ಲ ಎಂದಷ್ಟೇ ಹೇಳಿ, ವೈದ್ಯರಿಂದ ಉಲ್ಬಣಿಸಿದ ಸಂಗತಿಯನ್ನು ಬಿಟ್ಟಿದ್ದಾನೆ. ಪರಂಪರೆಯ ಪ್ರಕಾರ ಲೂಕನು ಸ್ವತಃ ವೈದ್ಯ! ಸಂತರ ಮೇಲೆ ಅಪವಾದ ಹೊರಿಸುವುದು ನನ್ನ ಉದ್ದೇಶವಲ್ಲ; ಆದರೆ ವರದಿ ಮಾಡದಿರುವ ಚಾಳಿ ಎಷ್ಟು ಹಳೆಯದೆಂದು ಯೋಚಿಸುವಾಗ ಈ ವ್ಯತ್ಯಾಸ ನೆನಪಾಗದೆ ಇರದು.

ಮೌನದ ಬೆಲೆಯೇನೆಂಬುದು ಔಷಧದ ಚೀಟಿಯ ಉದ್ದದಲ್ಲಿಯೇ ಕಾಣುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಈ ಗುಂಪಿನ ಮೊದಲ ಮಾತ್ರೆ ಬಂದು ಕೆಲವು ವರ್ಷಗಳಾದ ಮೇಲೆಯೇ ಈ ನಂಟು ಪ್ರಸಿದ್ಧವಾದದ್ದು. ಇಂದು ಇದು ಪಠ್ಯಪುಸ್ತಕದ ಸಂಗತಿ. ಆದರೂ ಹೊಸ ಮಾತ್ರೆಯ ವಿಷಯ ಹೇಳದವನಿಗೆ, ಅಥವಾ ಹೇಳಿದರೂ ಕೇಳಿಸಿಕೊಳ್ಳದ ಕಡೆ ಹೋದವನಿಗೆ, ಕೆಮ್ಮಿನ ಸಿರಪ್ ಸಿಗುತ್ತದೆ. ಆಮೇಲೆ ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ. ಅಮ್ಲೋಡಿಪಿನ್ ಮಾತ್ರೆಯಿಂದ ಪಾದ ಊದಿಕೊಂಡವಳಿಗೆ ನೀರು ಇಳಿಸುವ ಮಾತ್ರೆ ಸೇರುತ್ತದೆ. ಅದರಿಂದ ರಾತ್ರಿ ನಾಲ್ಕು ಬಾರಿ ಏಳುವುದು, ಕತ್ತಲಲ್ಲಿ ಜಾರಿ ಬೀಳುವುದು. ಮೊದಲ ಮಾತ್ರೆ ಬದಲಿಸಿದ್ದರೆ ಮುಗಿಯುತ್ತಿತ್ತು. ಹೀಗೆ ಮಾತ್ರೆಯ ಮೇಲೆ ಮಾತ್ರೆ ಏರುತ್ತ ಹೋಗುವುದರ ಖರ್ಚನ್ನು ಹೊರುವವರು ದಿನಗೂಲಿಯ ಕುಟುಂಬಗಳು.

ಆದ್ದರಿಂದ ಓದುಗರೇ, ಬರೆದಿಡಿ. ಯಾವ ಮಾತ್ರೆ, ಯಾವ ರೋಗಕ್ಕೆ, ಎಂದು ಆರಂಭಿಸಿದಿರಿ, ತೊಂದರೆ ಎಂದು ಶುರುವಾಯಿತು, ಮಾತ್ರೆ ನಿಂತಾಗ ಕಡಿಮೆಯಾಯಿತೇ, ಜೊತೆಗೆ ಬೇರೆ ಏನೇನು ಸೇವಿಸುತ್ತಿದ್ದಿರಿ. ನಾಟಿ ಔಷಧ, ಕಷಾಯವನ್ನೂ ಬಿಡಬೇಡಿ. ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಪಂಡಿತರ ಪದ ಬೇಡ. ಪಟ್ಟಿಯನ್ನು ಕತ್ತರಿಸುವಾಗ ಹೆಸರಿರುವ ತುದಿಯನ್ನೇ ಕೇಳಿ, ಇಲ್ಲವೇ ಬಿಲ್ಲು ಪಡೆಯಿರಿ. ಮೊದಲು ನಿಮ್ಮ ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೆ 1800-180-3024 ಎಂಬ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರೊಳಗೆ ಕರೆ ಮಾಡಿ. ಮಾತ್ರೆಯೇ ಕಾರಣವೆಂದು ನೀವು ಸಾಬೀತು ಮಾಡಬೇಕಾಗಿಲ್ಲ, ಸಂಶಯ ಸಾಕು. ಹೆಸರನ್ನು ಗೌಪ್ಯವಾಗಿಡುತ್ತಾರೆ. ಒಂದು ಎಚ್ಚರಿಕೆ: ಫಿಟ್ಸ್, ಮಾನಸಿಕ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು, ಸ್ಟೀರಾಯ್ಡ್‌ಗಳನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಪ್ಯಾರಾಕ್ಸೆಟಿನ್‌ನ ಕಥೆಯನ್ನು ಈಗಷ್ಟೇ ಓದಿದ್ದೀರಿ.

ಇನ್ನು ನಮ್ಮ ಧರ್ಮಸಭೆಯ ಆಸ್ಪತ್ರೆಗಳಿಗೆ, ಚಿಕಿತ್ಸಾಲಯಗಳಿಗೆ ಒಂದು ನೇರವಾದ ಪ್ರಶ್ನೆ. ಕನ್ಯಾಸ್ತ್ರೀಯರು ದಶಕಗಳಿಂದ ಬೆವರು ಸುರಿಸಿ ಕಟ್ಟಿದ ಸಂಸ್ಥೆಗಳಿವು. ಅವುಗಳ ಸೇವೆಗೆ ನಾವೆಲ್ಲ ಋಣಿಗಳು. ಗೋಡೆಯ ಮೇಲೆ ಸಂತರ ಚಿತ್ರವಿದೆ, ಶುಲ್ಕದ ಪಟ್ಟಿಯಿದೆ, ಮೌನ ಕಾಪಾಡಿ ಎಂಬ ಫಲಕವೂ ಇದೆ. ಕನ್ನಡದ ಆ ನಮೂನೆ ಎಲ್ಲಿದೆ? ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ, ಒಂದು ಪೆನ್ನು, ಓದುಬರಹ ಬಾರದವರಿಗೆ ತುಂಬಿಕೊಡಲು ಒಬ್ಬ ನರ್ಸ್: ಇಷ್ಟಕ್ಕೆ ಯಾವ ವಿದೇಶಿ ದೇಣಿಗೆಯೂ ಬೇಕಾಗಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 17ರಿಂದ 23ರವರೆಗೆ ದೇಶದಲ್ಲಿ ಫಾರ್ಮಕೋವಿಜಿಲೆನ್ಸ್ ಸಪ್ತಾಹವನ್ನು ಆಚರಿಸುತ್ತಾರೆ. ಅದಕ್ಕೆ ಮುನ್ನ ನಿಮ್ಮ ಊರಿನ ಆಸ್ಪತ್ರೆಯ ಕಿಟಕಿಗೆ ಹೋಗಿ ಆ ನಮೂನೆಯನ್ನು ಕೇಳಿ ನೋಡಿ. ಸಿಕ್ಕಿತೇ ಇಲ್ಲವೇ, ಏನೆಂದರು ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿ.